ಮಾತ್ರೆ ಬಿಡಿಸುವವರು ಯಾರು?

ಮನಃಖಿನ್ನತೆಯೂ ಒಂದು ರೋಗವೆಂಬುದನ್ನು, ಅದಕ್ಕೆ ಔಷಧವುಂಟೆಂಬುದನ್ನು ನಮ್ಮ ಜಿಲ್ಲೆಯ ಜನರು ಈಚೆಗೆ ಒಪ್ಪತೊಡಗಿರುವರು. ಕಳೆದ ದಶಕದಲ್ಲಿ ಸರ್ಕಾರದವರು ಮನೋಚೈತನ್ಯವೆಂಬ ಯೋಜನೆಯನ್ನು ಹೂಡಿ, ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಮನೋವೈದ್ಯರು ರೋಗಿಗಳನ್ನು ನೋಡುವಂತೆ ಏರ್ಪಡಿಸಿದರು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳವರು ಕೋಲಾರಕ್ಕೋ ಬೆಂಗಳೂರಿನ ನಿಮ್ಹಾನ್ಸಿಗೋ ಅಲೆಯುವುದು ತಪ್ಪಲೆಂಬ ಈ ಉದ್ದೇಶವು ಸ್ತುತ್ಯವಾದುದು. ಆದರೆ ಮಾತ್ರೆಯನ್ನು ಹಿಡಿಸುವುದರಲ್ಲಿರುವ ಶ್ರದ್ಧೆಯು ಅದನ್ನು ಬಿಡಿಸುವುದರಲ್ಲಿ ಇಲ್ಲವೆಂದು ಹೇಳದೆ ವಿಧಿಯಿಲ್ಲ.

ನಮ್ಮ ಕಡೆಯ ಜನರು ಈ ಮಾತ್ರೆಗಳನ್ನು ಬಿಡುವ ರೀತಿಯನ್ನು ವಾಚಕರು ಬಲ್ಲರು. ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಬಂದಿತೆಂದರೆ ಆಸ್ಪತ್ರೆಗೆ ಹೋಗಲು ಬಿಡುವಿಲ್ಲ. ಮಾತ್ರೆ ಮುಗಿದ ದಿನವೇ ಚಿಕಿತ್ಸೆಯೂ ಮುಗಿಯಿತು. ಮಗಳ ನಿಶ್ಚಿತಾರ್ಥವು ಗೊತ್ತಾದೊಡನೆ, ಬೀಗರ ಕಣ್ಣಿಗೆ ಬಿದ್ದೀತೆಂದು ತಾಯಿಯೇ ಮಾತ್ರೆಗಳನ್ನು ಎಸೆಯುವಳು. ಮಾಲೂರಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವನು ತೂಕಡಿಕೆಗೆ ಹೆದರಿ ತಾನೇ ನಿಲ್ಲಿಸುವನು. ಕೆಲವೇ ದಿನಗಳಲ್ಲಿ ತಲೆತಿರುಗು, ವಾಕರಿಕೆ, ನಿದ್ರೆಗೇಡು, ಕೆಟ್ಟ ಸ್ವಪ್ನಗಳು, ಕಾರಣವಿಲ್ಲದ ಸಿಡುಕು, ತಲೆಯೊಳಗೆ ಕರೆಂಟು ಹೊಡೆದಂತಹ ಅನುಭವ ಇವು ತೋರುವುವು. ಮನೆಯವರು ಹಳೆಯ ರೋಗವೇ ಮರುಕಳಿಸಿತೆನ್ನುವರು. ನೆರೆಯವರು ಮಾತ್ರೆಯ ಚಟವೆನ್ನುವರು. ಬಹುಮಟ್ಟಿಗೆ ಎರಡೂ ತಪ್ಪು. ಹೆಂಡದ ಚಟದಲ್ಲಿರುವ ಹಂಬಲವು ಇಲ್ಲಿಲ್ಲ. ಔಷಧಕ್ಕೆ ಹೊಂದಿಕೊಂಡಿದ್ದ ದೇಹವು ಅದು ಥಟ್ಟನೆ ಇಲ್ಲವಾದಾಗ ತತ್ತರಿಸುವುದು, ಅಷ್ಟೆ.

ರೋಗವು ಮರುಕಳಿಸುವುದಾದರೆ ಸಾಮಾನ್ಯವಾಗಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಮೆಲ್ಲನೆ ಬರುವುದು. ಮಾತ್ರೆ ಬಿಟ್ಟದ್ದರ ತೊಂದರೆಯಾದರೋ ದಿನಗಳಲ್ಲಿಯೇ ಬಂದು, ಹಿಂದೆಂದೂ ಇಲ್ಲದ ಲಕ್ಷಣಗಳನ್ನು ತೋರಿಸಿ, ಮಾತ್ರೆಯನ್ನು ಮತ್ತೆ ಕೊಟ್ಟರೆ ಬೇಗನೆ ಅಡಗುವುದು. ಈ ಭೇದವನ್ನು ಮೊದಲೇ ತಿಳಿಸಿದ್ದರೆ ಎಷ್ಟೋ ಮಂದಿ ತಮಗೆ ಜೀವನಪರ್ಯಂತ ಮಾತ್ರೆಯೇ ಗತಿಯೆಂದು ಎದೆಗೆಡುತ್ತಿರಲಿಲ್ಲ.

ಇನ್ನು ಇಳಿಸುವ ಲೆಕ್ಕ. ಅರ್ಧ, ಕಾಲು, ಸೊನ್ನೆ ಎಂಬುದು ವಾಡಿಕೆ. ಇದರ ದೋಷವನ್ನು 2019ರಲ್ಲಿ ಹೊರೊವಿಟ್ಸ್ ಮತ್ತು ಟೇಲರ್ ಎಂಬ ಸಂಶೋಧಕರು ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಎತ್ತಿ ತೋರಿಸಿದರು. ಸಿಟಾಲೊಪ್ರಾಮ್ ಎಂಬ ಔಷಧವನ್ನು 20 ಮಿಲಿಗ್ರಾಮ್ ಕೊಟ್ಟಾಗ ಮಿದುಳಿನಲ್ಲಿ ಅದು ಹಿಡಿಯುವ ಸ್ಥಾನಗಳಲ್ಲಿ ನೂರಕ್ಕೆ ಸುಮಾರು 80 ತುಂಬುವುವು. 5 ಮಿಲಿಗ್ರಾಮಿಗೆ ಇಳಿಸಿದರೂ 60ರ ಸಮೀಪದಲ್ಲಿರುವುವು. ಮುಕ್ಕಾಲು ಪಾಲು ಔಷಧವನ್ನು ತೆಗೆದರೂ ಇಳಿದದ್ದು ಅಲ್ಪ. ಉಳಿದ ಕಾಲುಭಾಗವನ್ನು ನಿಲ್ಲಿಸಿದಾಗಲೇ ಪ್ರಪಾತ. ಕಲ್ಯಾಣಿಯ ಮೇಲಿನ ಮೆಟ್ಟಿಲುಗಳು ಗಿಡ್ಡವಾಗಿದ್ದು ಕೊನೆಯದು ಆಳೆತ್ತರವಾಗಿದ್ದರೆ ಹೇಗೋ ಹಾಗೆ. ಆದಕಾರಣ ಕೊನೆಕೊನೆಗೆ ಇಳಿಸುವ ಪ್ರಮಾಣವು ಅತ್ಯಲ್ಪವಾಗಿರಬೇಕು. ಕೆಲವರಿಗೆ ತಿಂಗಳುಗಳೇ ಹಿಡಿದಾವು. ಪ್ಯಾರಾಕ್ಸೆಟೀನ್, ವೆನ್ಲಾಫ್ಯಾಕ್ಸಿನ್‌ಗಳನ್ನು ಬಿಡುವುದು ಕಷ್ಟತರ. ದೇಹದಲ್ಲಿ ಬಹುಕಾಲ ನಿಲ್ಲುವ ಫ್ಲೂಒಕ್ಸೆಟೀನ್ ಅಷ್ಟು ಕಾಡದು.

ಹಾಗೆಂದು ಎಲ್ಲರೂ ಮಾತ್ರೆ ಬಿಡಲೆಂಬುದು ನಮ್ಮ ಮತವಲ್ಲ. 2021ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಪರೀಕ್ಷೆಯಲ್ಲಿ, ಬಹುಕಾಲ ಔಷಧ ಸೇವಿಸಿ ಗುಣವಾಗಿದ್ದವರ ಪೈಕಿ, ಬಿಟ್ಟವರಲ್ಲಿ ನೂರಕ್ಕೆ 56 ಮಂದಿಗೂ ಮುಂದುವರಿಸಿದವರಲ್ಲಿ 39 ಮಂದಿಗೂ ವರ್ಷದೊಳಗೆ ಖಿನ್ನತೆಯು ಮರುಕಳಿಸಿತು. ಬಿಟ್ಟವರೆಲ್ಲರೂ ನರಳುವರೆಂಬುದೂ ಸರಿಯಲ್ಲ: ಅನೇಕ ಪರೀಕ್ಷೆಗಳನ್ನು ಕೂಡಿಸಿ 2024ರಲ್ಲಿ ಲೆಕ್ಕ ಹಾಕಿದವರು, ಔಷಧವನ್ನು ಬಿಟ್ಟವರಲ್ಲಿ ನೂರಕ್ಕೆ ಸುಮಾರು 31 ಮಂದಿಗೆ ಲಕ್ಷಣಗಳು ತೋರಿದರೆ, ಹುಸಿಮಾತ್ರೆ ಬಿಟ್ಟವರಲ್ಲಿಯೂ 17 ಮಂದಿಗೆ ತೋರಿದುವೆಂದರು. ಆದರೆ ಬಿಡಬೇಕೋ ಬೇಡವೋ ಎಂಬುದನ್ನು ರೋಗಿಯೂ ವೈದ್ಯರೂ ಕುಳಿತು ನಿಶ್ಚಯಿಸಬೇಕೇ ಹೊರತು ಮಾವಿನ ಮಂಡಿಯಾಗಲಿ ಬೀಗರಾಗಲಿ ನಿಶ್ಚಯಿಸತಕ್ಕುದಲ್ಲ.

ಮಾತ್ರೆಯನ್ನು ಬರೆಯುವ ದಿನವೇ, ಎಷ್ಟು ಕಾಲ ಸೇವಿಸುವುದು, ಯಾವ ಕ್ರಮದಲ್ಲಿ ಬಿಡುವುದು ಎಂಬುದನ್ನು ಕನ್ನಡದಲ್ಲಿ ಚೀಟಿಯ ಮೇಲೆ ಬರೆದುಕೊಡಬೇಕು; ಮುಳಬಾಗಿಲಿನ ಗಡಿಯ ಹಳ್ಳಿಗಳವರಿಗೆ ತೆಲುಗಿನಲ್ಲಿಯೂ ಬಾಯಿಬಿಟ್ಟು ಹೇಳಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯೂ ಆ ಚೀಟಿಯಲ್ಲಿರಲಿ. ಆಸ್ಪತ್ರೆಯ ದಾಸ್ತಾನು ಮುಗಿಯುವುದೆಂದರೆ ರೋಗಿಯ ಔಷಧವನ್ನು ಸರ್ಕಾರವೇ ಥಟ್ಟನೆ ನಿಲ್ಲಿಸಿದಂತೆ, ಅದಾಗಕೂಡದು. ಕಿರುಪ್ರಮಾಣದ ಮಾತ್ರೆಗಳನ್ನೂ ದ್ರವರೂಪದ ಔಷಧವನ್ನೂ ತರಿಸಿಡಬೇಕು. ಸುಗ್ಗಿಯ ತಿಂಗಳುಗಳಲ್ಲಿ ಆಶಾ ಕಾರ್ಯಕರ್ತೆಯರ ಮೂಲಕ ಮಾತ್ರೆಯನ್ನು ಮನೆಗೆ ತಲಪಿಸುವ ಏರ್ಪಾಡನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ಮುಂದಿನ ಮಾವಿನ ಕಾಲಕ್ಕೆ ಮುಂಚಿತವಾಗಿ ಮಾಡಬೇಕೆಂದು ಕೋರುತ್ತೇವೆ.