ಜನರ ಕಡೆಗೂ ಒಂದು ಮೈಕು

ಜನಪಥದಲ್ಲೂ ಸರೋಜಿನಿ ನಗರದಲ್ಲೂ ಬಾಬ್ ಮಾರ್ಲಿಯ ಮುಖ ಅಚ್ಚುಹಾಕಿದ ಟೀ ಶರ್ಟು ಧಾರಾಳವಾಗಿ ಸಿಗುತ್ತೆ. ತೊಟ್ಟವರಲ್ಲಿ ಎಷ್ಟು ಜನ ಅವನ ಹಾಡು ಕೇಳಿದ್ದಾರೋ, ದೇವರೇ ಬಲ್ಲ. ನಮ್ಮ ಹಾಸ್ಟೆಲಿನಲ್ಲಂತೂ ಮಾರ್ಲಿ ಅಂದರೆ ಗಾಂಜಾ ಅಂತಲೇ ಲೆಕ್ಕ. ಇರಲಿ. ನಾನು ಹೇಳಹೊರಟಿರೋದು ಅವನ ಒಂದು ಆಲ್ಬಮ್ಮಿನ ಮಾತು. 1975ರ ಜುಲೈನಲ್ಲಿ ಲಂಡನ್ನಿನ ಲೈಸಿಯಂ ಥಿಯೇಟರಿನಲ್ಲಿ, ಜನರ ಎದುರಿಗೇ ಹಾಡಿ ರೆಕಾರ್ಡು ಮಾಡಿದ 'ಲೈವ್!'. ಇರೋದು ಏಳೇ ಹಾಡು. ಭಾವಗೀತೆ ಬಿಟ್ಟರೆ ಬೇರೆ ಸಂಗೀತವೇ ಇಲ್ಲ ಅನ್ನುವ ನಮ್ಮ ಸಂಘದ ಗೆಳೆಯರು ಇದನ್ನೊಮ್ಮೆ ಕೇಳಬೇಕು.

'ನೋ ವುಮನ್ ನೋ ಕ್ರೈ' ಹಾಡನ್ನೇ ತಗೊಳ್ಳಿ. 1974ರಲ್ಲಿ ಸ್ಟುಡಿಯೋದಲ್ಲಿ ಹಾಡಿದ್ದು ನಾಲ್ಕು ನಿಮಿಷವೂ ಇಲ್ಲ, ತಾಳಕ್ಕೆ ಯಂತ್ರ. ಅಚ್ಚುಕಟ್ಟಾಗಿದೆ, ಆದರೆ ಅದಕ್ಕೆ ನಾವು ಯಾರೂ ಬೇಡ. ಲೈಸಿಯಮ್ಮಿನದು ಸುಮಾರು ಏಳು ನಿಮಿಷ. ಆರ್ಗನ್ನು ನಿಧಾನಕ್ಕೆ ಶುರುವಾಗುತ್ತೆ. ಮಾರ್ಲಿ ಬಾಯಿ ತೆರೆಯೋ ಮುಂಚೆಯೇ ಜನ ಪಲ್ಲವಿ ಎತ್ತಿಕೊಂಡುಬಿಡುತ್ತಾರೆ! ಲೋಕವೆಲ್ಲ ಇವತ್ತು ಕೇಳೋದು ಈ ಹಾಡನ್ನೇ.

ಕನ್ನಡ ಮೀಡಿಯಮ್ಮಿನಲ್ಲಿ ಓದಿ ಬಂದ ನನಗೆ ಜಮೈಕಾದ ಆ ಇಂಗ್ಲಿಷು ಅರ್ಧಕ್ಕರ್ಧ ತಿಳಿಯೋದಿಲ್ಲ. ಕಾನ್ವೆಂಟಿನವರಿಗೂ ತಿಳಿಯಲ್ಲ, ಅದೇ ಸಮಾಧಾನ. ಆದರೆ ತಾಳ ತಿಳಿಯುತ್ತೆ. ನಾಲ್ಕರ ಎಣಿಕೆಯಲ್ಲಿ ಮೊದಲನೆಯದು ಖಾಲಿ, ಡ್ರಮ್ಮಿನ ಪೆಟ್ಟು ಬೀಳೋದು ಮೂರನೆಯದಕ್ಕೆ. ಆ ಖಾಲಿ ಜಾಗದಲ್ಲಿ ಕೇಳುವವನ ಕಾಲು ತಾನಾಗಿ ಬೀಳುತ್ತೆ.

ಹಾಡು ನೆನೆಯೋದು ಕಿಂಗ್‌ಸ್ಟನ್ನಿನ ಟ್ರೆಂಚ್‌ಟೌನನ್ನು. ಅಲ್ಲಿ ಬಡವರಿಗೆ ಅಂತ ಸರ್ಕಾರ ಕಟ್ಟಿಸಿದ ಮನೆಗಳು, ನಡುವೆ ಎಲ್ಲರದೂ ಒಂದೇ ಅಂಗಳ. ಕೇಳಿಸಿಕೊಂಡದ್ದು ಲಂಡನ್ನು. 1948ರಿಂದೀಚೆಗೆ ಬಸ್ಸು ಓಡಿಸಲು, ಆಸ್ಪತ್ರೆಯಲ್ಲಿ ದುಡಿಯಲು ಕೆರಿಬಿಯನ್ನಿನ ಸಾವಿರಾರು ಮಂದಿ ಹೋಗಿ ನೆಲೆಸಿದ ಊರದು. ಊರು ಬಿಟ್ಟವರ ಊರಲ್ಲಿ ಬಿಟ್ಟ ಊರಿನ ಹಾಡು. ದೆಹಲಿಯಲ್ಲಿ ಕೂತು ಕೇಳೋ ಕನ್ನಡದವನಿಗೆ ಇದು ತಟ್ಟದೆ ಹೇಗಿರುತ್ತೆ ಹೇಳಿ? ಕೇಂದ್ರ ಸರ್ಕಾರದ ನೌಕರಿಗೆ ಬಂದ ನಮ್ಮವರೂ ಆರ್.ಕೆ. ಪುರಂ, ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲೇ ಸಂಸಾರ ಹೂಡಿದವರು. 2016ರಲ್ಲಿ ಸರೋಜಿನಿ ನಗರ, ನೇತಾಜಿ ನಗರ ಸೇರಿ ಏಳು ಕಾಲೊನಿಗಳನ್ನು ಕೆಡವಿ ಕಟ್ಟುವ ಯೋಜನೆಗೆ ಒಪ್ಪಿಗೆಯಾಯಿತು. ಆ ಅಂಗಳಗಳ ಬಗ್ಗೆ ನಮ್ಮಲ್ಲಿ ಯಾರಾದರೂ ಒಂದು ಹಾಡು ಕಟ್ಟಿದ್ದಾರೆಯೇ?

ಕಾಮರ್ಸಿನವನಾಗಿ ಇನ್ನೊಂದು ಮಾತು. ಹಾಡು ಬರೆದವನು ಅಂತ ಹೆಸರಿರೋದು ವಿನ್ಸೆಂಟ್ ಫೋರ್ಡ್‌ನದು. ಟ್ರೆಂಚ್‌ಟೌನಿನಲ್ಲಿ ಹಸಿದವರಿಗೆ ಗಂಜಿ ಹಾಕುತ್ತಿದ್ದವನು. ಬರೆದದ್ದು ಮಾರ್ಲಿಯೇ, ರಾಯಲ್ಟಿ ಆ ಒಲೆಗೆ ಹೋಗಲಿ ಅಂತ ಹೆಸರು ಬಿಟ್ಟುಕೊಟ್ಟ ಅನ್ನೋರುಂಟು. ಹಳೇ ಕರಾರಿನಿಂದ ತಪ್ಪಿಸಿಕೊಳ್ಳಲು ಅನ್ನೋರೂ ಉಂಟು. ವ್ಯಾಜ್ಯ ಕೋರ್ಟಿಗೂ ಹೋಯಿತು. ಯಾವುದೇ ಆಗಲಿ, ನಮ್ಮ ಅಕೌಂಟೆನ್ಸಿಯಲ್ಲಿ ಇಂಥ ಎಂಟ್ರಿಗೆ ಕಾಲಮ್ಮೇ ಇಲ್ಲ.

ದೆಹಲಿಗೆ ಇದು ಹೊಸದೇನಲ್ಲ. ರೆಗೆ ರಾಜಾಸ್, ಸ್ಕಾ ವೆಂಜರ್ಸ್ ಎರಡೂ 2009ರಲ್ಲಿ ಇಲ್ಲೇ ಹುಟ್ಟಿದವು. ಹಾಗಂತ ನಮಗೆ ಜಮೈಕಾವೇ ಬೇಕು ಅಂತಲ್ಲ. 2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವಥ್ 'ಕನ್ನಡವೇ ಸತ್ಯ' ನಡೆಸಿದಾಗ ಮೈದಾನವೇ ದನಿಗೂಡಿಸಲಿಲ್ಲವೆ?

ನಮ್ಮ ನವೆಂಬರಿನ ರೆಕಾರ್ಡುಗಳನ್ನು ಕೇಳಿ ನೋಡಿ. ಕರೋಕೆ ಟ್ರ್ಯಾಕು, ಅದರ ಮೇಲೆ ಹಾಡುವವರ ದನಿ, ಕೊನೆಗೆ ಎರಡು ಸೆಕೆಂಡು ಚಪ್ಪಾಳೆ, ಕಟ್. ಮುನ್ನೂರು ಮೈಲಿಯಲ್ಲ, ಸಾವಿರದ ಮುನ್ನೂರು ಮೈಲಿ ದೂರ ಬಂದು ಚಳಿಯಲ್ಲಿ ಕೂತು ಜೊತೆಗೆ ಗುನುಗಿದ ಜನ ಅದರಲ್ಲಿ ಎಲ್ಲೂ ಇಲ್ಲ. ಜನರ ಕಡೆ ಮೈಕಿಟ್ಟರೆ ಕೆಮ್ಮು ಬರುತ್ತೆ, ಮಗು ಅಳುತ್ತೆ ಅಂತ ಹಿರಿಯರು ಹೇಳುತ್ತಾರೆ. ಬರಲಿ, ಅಳಲಿ. ಇಪ್ಪತ್ತು ವರ್ಷದ ಮೇಲೆ ಆ ಮಗುವೇ ಕೇಳಿಸಿಕೊಳ್ಳಬಹುದು.

ಒಂದು ಮೈಕಿನ ಬಾಡಿಗೆ ಎಷ್ಟಾಗುತ್ತೆ ಅಂತ ವಿಚಾರಿಸಿ ಮುಂದಿನ ಸಭೆಗೆ ಲೆಕ್ಕ ತರುತ್ತೇನೆ.