ರಕ್ತಪಿಶಾಚಿಯೂ ಕಳ್ಳ ಪತ್ರಗಳೂ

ನಮ್ಮ ಶಾಲೆಯಲ್ಲಿ ಓದಿ ಈಗ ಕಾಲೇಜು ಸೇರಿರುವ ಹುಡುಗಿಯೊಬ್ಬಳ ಅಜ್ಜಿ ಮೊನ್ನೆ ನಮ್ಮ ಜಗಲಿಗೆ ಬಂದು ಕುಳಿತರು. “ಮಾಷ್ಟ್ರೇ, ಪುಳ್ಳಿ ರಾತ್ರಿಯಿಡೀ ಇಂಗ್ಲಿಷಿನ ಪಿಶಾಚಿ ಕಥೆ ಓದುತ್ತಾಳೆ. ನೀವಾದರೂ ಒಂದು ಮಾತು ಹೇಳಿ” ಎಂದರು. ಹೇಳುವೆವೆಂದು ಒಪ್ಪಿದೆವು. ಆದರೆ ಓದದ ಪುಸ್ತಕವನ್ನು ನಿಂದಿಸುವುದು ಉಪಾಧ್ಯಾಯರಿಗೆ ಸಲ್ಲದು. ಆ ಪುಸ್ತಕವನ್ನು ತರಿಸಿಕೊಂಡು ನಾವೂ ಓದಿದೆವು.

ಅದು ‘ವಾರ್ನಿ ದಿ ವ್ಯಾಂಪೈರ್’ ಎಂಬ ಧಾರಾವಾಹಿ. ೧೮೪೫ರಿಂದ ೧೮೪೭ರವರೆಗೆ ಲಂಡನ್ನಿನಲ್ಲಿ ಎಡ್ವರ್ಡ್ ಲಾಯ್ಡ್ ಎಂಬ ಪ್ರಕಾಶಕನು ಸಂಚಿಕೆಗೆ ಒಂದು ಪೆನ್ನಿಯಂತೆ ಮಾರಿದ ಕಥೆ. ಕರ್ತೃ ಜೇಮ್ಸ್ ಮಾಲ್ಕಮ್ ರೈಮರ್ ಎಂದು ಇಂದಿನ ವಿದ್ವಾಂಸರಲ್ಲಿ ಹೆಚ್ಚಿನವರ ಮತ. ೮೦೦ಕ್ಕೂ ಮಿಕ್ಕಿದ ಪುಟಗಳು. ಲೋಕಪ್ರಸಿದ್ಧ ‘ಡ್ರಾಕುಲಾ’ ಬಂದುದು ಇದಾದ ಅರ್ಧ ಶತಮಾನದ ಬಳಿಕ, ೧೮೯೭ರಲ್ಲಿ. ಕಥೆ ನಡೆಯುವುದು ಹಿಂದಿನ ಶತಮಾನದಲ್ಲೆಂದು ತೋರಿದರೂ ನಡುವೆ ನೆಪೋಲಿಯನ್ನನ ಕಾಲದ ಯುದ್ಧಗಳ ಮಾತು ನುಸುಳುತ್ತದೆ. ಚರಿತ್ರೆಯ ಉತ್ತರಪತ್ರಿಕೆಯಾಗಿದ್ದರೆ ಅಂಕ ಕಳೆಯುತ್ತಿದ್ದೆವು.

ಬ್ಯಾನರ್‌ವರ್ತ್ ಎಂಬುದು ಬಾಳಿ ಬಡವಾದ ಮನೆತನ. ತಾಯಿ, ಹೆನ್ರಿ ಮತ್ತು ಜಾರ್ಜ್ ಎಂಬ ಗಂಡುಮಕ್ಕಳು, ಮಗಳು ಫ್ಲೋರಾ. ಆಲಿಕಲ್ಲು ಸುರಿಯುವ ರಾತ್ರಿಯಲ್ಲಿ ಕಿಟಕಿಯಿಂದ ನುಗ್ಗಿದ ಆಕೃತಿಯೊಂದು ಫ್ಲೋರಾಳ ಕೊರಳನ್ನು ಕಚ್ಚುತ್ತದೆ. ಆ ಮುಖವು ಗೋಡೆಯ ಮೇಲಿನ ಪೂರ್ವಿಕನ ಚಿತ್ರವನ್ನೇ ಹೋಲುತ್ತದೆ. ಬಳಿಕ ಸರ್ ಫ್ರಾನ್ಸಿಸ್ ವಾರ್ನಿ ಎಂಬ ನೆರೆಯವನು ಅವರ ಮನೆಯನ್ನು ತನಗೆ ಮಾರೆಂದು ಕೇಳುತ್ತಾನೆ. ಅವನ ಮುಖವೂ ಅದೇ!

ಅಜ್ಜಿ ಅಂಜಿದ್ದು ಈ ಹಲ್ಲುಗಳಿಗೆ. ನಮ್ಮನ್ನು ಅಂಜಿಸಿದ್ದು ಮುಂದಿನ ಪ್ರಸಂಗ. ಫ್ಲೋರಾಳನ್ನು ವರಿಸಬೇಕಾದ ಚಾರ್ಲ್ಸ್ ಹಾಲಂಡ್ ಹಠಾತ್ತನೆ ಕಾಣೆಯಾಗುತ್ತಾನೆ. ಅವನ ಹೆಸರಿನ ಪತ್ರಗಳು ಮಾತ್ರ ದೊರೆಯುತ್ತವೆ. ಪಿಶಾಚಿ ಸೋಂಕಿದ ಹೆಣ್ಣು ತನಗೆ ಬೇಡವೆಂಬುದು ಅವುಗಳ ಸಾರ. ಫ್ಲೋರಾ ನಂಬುವುದಿಲ್ಲ. ಇವು ಅವನ ಮಾತುಗಳಲ್ಲ, ಕಳ್ಳ ಪತ್ರಗಳು ಎನ್ನುತ್ತಾಳೆ. ನಿಜವೂ ಅದೇ: ಅವನನ್ನು ನೆಲಮಾಳಿಗೆಯೊಂದರಲ್ಲಿ ಸೆರೆಯಿಟ್ಟಿದ್ದರು. ಮುಂದೆ ಊರಿನ ಜನ ರೊಚ್ಚಿಗೆದ್ದು ಗೋರಿಯನ್ನು ಅಗೆಯುತ್ತಾರೆ, ವಾರ್ನಿಯ ಮನೆಗೆ ಬೆಂಕಿಯಿಡುತ್ತಾರೆ. ತಪ್ಪಿಸಿಕೊಂಡ ಅವನಿಗೆ ಆಶ್ರಯ ಕೊಡುವವರು ಅವನಿಂದಲೇ ನೊಂದ ಬ್ಯಾನರ್‌ವರ್ತ್ ಮನೆಯವರು! ಆಮೇಲಿನ ಕಥೆ ಬರಿಯ ಲಂಬಿಸಿದ್ದು. ಕೊನೆಗೆ ವಾರ್ನಿ ತನ್ನ ಬಾಳಿಗೆ ತಾನೇ ಹೇಸಿ ವೆಸೂವಿಯಸ್ ಜ್ವಾಲಾಮುಖಿಗೆ ಧುಮುಕುತ್ತಾನೆ.

ಪತ್ರಗಳ ಪ್ರಸಂಗವನ್ನು ಓದಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ನಮ್ಮೂರಿನ ಹೆಣ್ಣೊಬ್ಬಳಿಗೆ ಗಡಿಯಾಚೆ ಪುತ್ತೂರಿನ ಕಡೆಯ ಸಂಬಂಧವೊಂದು ಕುದುರಿತ್ತು. ಅಷ್ಟರಲ್ಲಿ ಯಾರೋ ಮೂಗರ್ಜಿ ಬರೆದರು. ಗಂಡಿನ ಕಡೆಯವರು ಅದನ್ನು ನಮಗೆ ತೋರಿಸಿ ವಿಚಾರಿಸಿದರು. ಅಕ್ಷರ ಕಂಡೊಡನೆಯೇ ಬರೆದವರು ಯಾರೆಂದು ನಮಗೆ ಹೊಳೆಯಿತು. ನಮ್ಮ ತರಗತಿಯಲ್ಲೇ ಕಾಪಿ ಬರೆದು ತಿದ್ದಿದ ಕೈ ಅದು. ಹುಡುಗಿ ನಿರ್ದೋಷಿಯೆಂಬುದೂ ನಮಗೆ ಗೊತ್ತಿತ್ತು. ಆದರೂ ಊರಿನ ಹಗೆತನ ನಮಗೇಕೆಂದು, “ನಮಗೇನೂ ತಿಳಿಯದು” ಎಂದುಬಿಟ್ಟೆವು. ಸಂಬಂಧ ಮುರಿಯಿತು. ಆಕೆಯ ತಂದೆ ಕೊನೆಯವರೆಗೂ ನಮ್ಮನ್ನು ಕಂಡಾಗ ಕೈಮುಗಿಯುತ್ತಿದ್ದರು. ಆ ನಮಸ್ಕಾರವನ್ನು ಸ್ವೀಕರಿಸುವುದು ನಮಗೆ ಕಷ್ಟವಾಗುತ್ತಿತ್ತು.

ಮನೆತನಗಳನ್ನು ಕೆಡಿಸಲು ಪಿಶಾಚಿಯೇ ಬರಬೇಕಾಗಿಲ್ಲ. ಹೆಸರಿಲ್ಲದ ಒಂದು ಕಾಗದ ಸಾಕು, ಅದನ್ನು ಕಂಡೂ ಬಾಯಿಬಿಡದ ಒಬ್ಬ ತಿಳಿದವನು ಸಾಕು. ಈಗ ಕಾಗದದ ಕೆಲಸವನ್ನು ಮೊಬೈಲೇ ಮಾಡುತ್ತಿದೆ. ಅಲ್ಲಿ ಗುರುತು ಹಿಡಿಯಲು ಕೈಬರಹವೂ ಇಲ್ಲ. ಬಂದ ಮಾತನ್ನು ನಂಬುವ ಮೊದಲು, ಅದು ಯಾರನ್ನು ಕುರಿತದ್ದೋ ಅವರನ್ನೇ ಕೇಳುವ ಧೈರ್ಯವೊಂದೇ ನಮಗುಳಿದ ದಾರಿ.

ಅಜ್ಜಿಗೆ ಹೇಳಿಕಳುಹಿಸಿದೆವು: “ಹುಡುಗಿ ಓದಲಿ. ದೀಪ ಮಾತ್ರ ಹತ್ತು ಗಂಟೆಗೆ ಆರಲಿ. ಪತ್ರಗಳ ಅಧ್ಯಾಯವನ್ನು ಅವಳು ನಿಮಗೂ ಕನ್ನಡದಲ್ಲಿ ಓದಿ ಹೇಳಲಿ.”