ಉಕ್ಕಿನ ಕವಚವೂ ಕಾಲಾಳಿನ ಪಹರೆಯೂ

ಅಥಣಿ, ಚಿಕ್ಕೋಡಿ, ನಿಪ್ಪಾಣಿಗಳ ಹಳ್ಳಿಗಳಿಂದ ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರವನ್ನು ಸೇರಿದ ತರುಣನು ಮುಂದೆ ಕಾಶ್ಮೀರದ ರಸ್ತೆಗಳಲ್ಲಿ ಯಾವ ವಾಹನದಲ್ಲಿ ಸಂಚರಿಸುವನೆಂಬುದನ್ನು ನಾವು ಸರಕಾರದ ಕಡತಕ್ಕೇ ಬಿಟ್ಟು ಸುಮ್ಮನಿರುವುದು ಉಚಿತವಲ್ಲ.

ನೆಲಬಾಂಬು ನಿರೋಧಕ ವಾಹನದ ಮರ್ಮವು ಉಕ್ಕಿನ ದಪ್ಪಕ್ಕಿಂತಲೂ ತಳದ ಆಕೃತಿಯಲ್ಲಿ ಅಡಗಿದೆ. 1970ರ ದಶಕದಲ್ಲಿ ರೊಡೇಶಿಯ, ದಕ್ಷಿಣ ಆಫ್ರಿಕಗಳ ಗಡಿಕಾಳಗಗಳು ಕಲಿಸಿದಂತೆ, ದೋಣಿಯ ಅಡಿಯ ಹಾಗೆ ಇಳಿಜಾರಾಗಿ ಕೂಡುವ ತಳವು ಸ್ಫೋಟದ ರಭಸವನ್ನು ಇಕ್ಕೆಲಗಳಿಗೆ ಹೊರಳಿಸುತ್ತದೆ. ಗಾಲಿ ಹಾರಿಹೋದರೂ ಒಳಗಿನವರು ಉಳಿಯಬೇಕೆಂಬುದೇ ಅದರ ಧರ್ಮ. ಆಸನವನ್ನು ತಳಕ್ಕೆ ಬಿಗಿಯದೆ ಛಾವಣಿಗೋ ಪಕ್ಕದ ಗೋಡೆಗೋ ತೂಗಿಸುವುದು, ಮೇಲಕ್ಕೆ ಚಿಮ್ಮುವ ತಳವು ಸೈನಿಕನ ಬೆನ್ನೆಲುಬನ್ನು ಮುರಿಯದಿರಲೆಂದು.

ದಕ್ಷಿಣ ಆಫ್ರಿಕದ ಕ್ಯಾಸ್ಪಿರ್, ಮೇದಕದ ‘ಆದಿತ್ಯ’, 2021ರಲ್ಲಿ ಸೇನೆಯು ಬೇಡಿಕೆ ಸಲ್ಲಿಸಿದ ಭಾರತ್ ಫೋರ್ಜ್‌ನ ಕಲ್ಯಾಣಿ ಎಂ4 – ಇವೆಲ್ಲವೂ ಈ ವಂಶದವೇ. ಇವನ್ನು ಕೊಳ್ಳಲೇಬೇಕು; ಜಿಪುಣತನಕ್ಕೆ ಇಲ್ಲಿ ಎಡೆಯಿಲ್ಲ. ಆದರೆ 2005ರ ಸೆಪ್ಟೆಂಬರ್‌ನಲ್ಲಿ ಛತ್ತೀಸಗಢದ ನಕ್ಸಲರು ಇಂಥದೇ ವಾಹನವನ್ನು ಸ್ಫೋಟಿಸಿ 24 ಮಂದಿಯನ್ನು ಬಲಿಗೊಂಡರೆಂಬುದನ್ನು ಮರೆಯಲಾಗದು: ಮದ್ದಿನ ಪ್ರಮಾಣವನ್ನು ಹೆಚ್ಚಿಸುತ್ತ ಹೋಗುವುದು ವೈರಿಗೆ ಸುಲಭ, ಉಕ್ಕನ್ನು ಹೆಚ್ಚಿಸುತ್ತ ಹೋಗುವುದು ನಮಗೆ ದುಸ್ಸಾಧ್ಯ. (ಅಷ್ಟು ಭಾರದ ಗಾಡಿ ಮಳೆಗಾಲದಲ್ಲಿ ನಮ್ಮ ಎರೆಹೊಲದ ದಾರಿಗಿಳಿದರೆ ಹೂತೇ ಹೋದೀತು.) ಆದುದರಿಂದ ವಾಹನಗಳ ಖರೀದಿಗೆ ಹಣ ಮಂಜೂರು ಮಾಡುವವರು, ನಸುಕಿನಲ್ಲಿ ಶ್ವಾನದೊಡನೆ ನಡೆದು, ಸೇತುವೆಯ ಅಡಿಗಳನ್ನು ಪರೀಕ್ಷಿಸಿ ರಸ್ತೆಯನ್ನು ತೆರವುಗೊಳಿಸುವ ಕಾಲಾಳುಗಳ ಸಂಖ್ಯೆಯನ್ನೂ ಸಲಕರಣೆಯನ್ನೂ ಅದೇ ಆಯವ್ಯಯದಲ್ಲಿ ಹೆಚ್ಚಿಸತಕ್ಕದ್ದು.